ಬೂಸಾ ಬಿಟ್ಟ ಮೇಲೆ ಸುಧಾರಿಸಿದ ಕುದುರೆ

ಉಡುಪಿಯ ಮಳೆಗಾಲದಲ್ಲಿ 350 ಕಿಲೋ ತೂಕದ ನನ್ನ ಕುದುರೆ ಕುಂಟತೊಡಗಿತು, ಮೇವು ಅಗಿಯಲೂ ಕಷ್ಟಪಡುತ್ತಿತ್ತು. ಕಾರಣ ಮೇವಿನಲ್ಲೇ ಇತ್ತು: ದಿನಕ್ಕೆ 3 ಕಿಲೋ ಗೋಧಿ ಬೂಸಾ, ಹೊಟ್ಟೆ ತುಂಬ ನೇಪಿಯರ್ ಹುಲ್ಲು (ದನಕ್ಕೆಂದು ಬೆಳೆಸುವ ಎತ್ತರದ ಹುಲ್ಲು). ಬೂಸಾದಲ್ಲಿ ರಂಜಕ (ಫಾಸ್ಫರಸ್) ಬಹಳ, ಕ್ಯಾಲ್ಸಿಯಂ ತೀರಾ ಕಡಿಮೆ. ನೇಪಿಯರಿನಲ್ಲಿರುವ ಆಕ್ಸಲೇಟ್ ಎಂಬ ವಸ್ತು, ಇದ್ದಷ್ಟು ಕ್ಯಾಲ್ಸಿಯಂ ಕೂಡ ಮೈಗೆ ಹತ್ತದಂತೆ ಹಿಡಿದಿಡುತ್ತದೆ. ಆಗ ದೇಹ ಮೂಳೆಯಿಂದಲೇ ಅದನ್ನು ಎಳೆದುಕೊಳ್ಳುತ್ತದೆ. ಹಾಗೇ ಬಿಟ್ಟರೆ ದವಡೆ ಮೂಳೆ ಊದುತ್ತದೆ. ದನಕ್ಕೆ ಒಗ್ಗುವ ಹುಲ್ಲು ಕುದುರೆಗೂ ಒಗ್ಗುತ್ತದೆಂಬ ನಂಬಿಕೆ ನಮ್ಮ ಕಡೆ ಗಟ್ಟಿ. ಅದು ತಪ್ಪು.

ಪಶುವೈದ್ಯರಿಗೆ ತೋರಿಸಿ, ಹತ್ತು ದಿನದಲ್ಲಿ ಸ್ವಲ್ಪಸ್ವಲ್ಪವಾಗಿ ಮೇವು ಬದಲಿಸಿದೆ. ಒಮ್ಮೆಲೇ ಬದಲಿಸಿದರೆ ಹೊಟ್ಟೆಶೂಲೆ ಕಾಡಬಹುದು. ಈಗ ದಿನಕ್ಕೆ 5 ಕಿಲೋ ಒಣಹುಲ್ಲು, 2 ಕಿಲೋ ಒಣಗಿಸಿದ ಕುದುರೆಮಸಾಲೆ (ಲೂಸರ್ನ್) ಸೊಪ್ಪು, ಬೇಯಿಸಿದ ಹುರುಳಿ ಅರ್ಧ ಕಿಲೋ, ಉಪ್ಪು 30 ಗ್ರಾಂ. ನೀರು ಸದಾ ಎದುರಿಗೇ.

ಹುಲ್ಲನ್ನು ನೆಲಕ್ಕೆ ತಾಗಿಸದೆ ಹಲಗೆಯ ಮೇಲಿಡಿ. ಬೂಷ್ಟು ವಾಸನೆ ಬಂದರೆ ಎಸೆಯಿರಿ, ತೊಳೆದು ಕೊಡಬೇಡಿ. ದನದ ಹಿಂಡಿ ಬೇಡವೇ ಬೇಡ. ಕೆಲವದರಲ್ಲಿ ಬೆರೆಸುವ ಮೊನೆನ್ಸಿನ್ ಎಂಬ ಔಷಧ ಕುದುರೆಯ ಜೀವ ತೆಗೆಯುತ್ತದೆ.