ಅಣೆಕಟ್ಟಿನಿಂದ ಎಷ್ಟು ಕರೆಂಟು? ನೀವೇ ಲೆಕ್ಕ ಹಾಕಿ

ಜಲವಿದ್ಯುತ್ ಯೋಜನೆಯ ಸುದ್ದಿ ಓದುವಾಗ ನಾನು ಮೊದಲು ಹುಡುಕುವುದು ಮೆಗಾವ್ಯಾಟನ್ನಲ್ಲ. ನೀರು ಬೀಳುವ ಎತ್ತರ ಮತ್ತು ಹರಿವನ್ನು. ತರಗತಿಯಲ್ಲಿ ಮಕ್ಕಳಿಗೂ ಇವೆರಡರಿಂದಲೇ ಶುರು ಮಾಡಿಸುತ್ತೇನೆ.

ಎತ್ತರವೆಂದರೆ ಅಣೆಕಟ್ಟಿನ ಎತ್ತರವಲ್ಲ. ಹೆಚ್ಚಿನವರು ಎಡವುವುದೇ ಇಲ್ಲಿ. ಜಲಾಶಯದ ನೀರಿನ ಮಟ್ಟದಿಂದ, ಟರ್ಬೈನ್ ದಾಟಿ ಹೊರಬಂದ ನೀರಿನ ಮಟ್ಟವನ್ನು ಕಳೆಯಿರಿ. ವಿದ್ಯುದಾಗಾರ ಬೆಟ್ಟದ ಬುಡದಲ್ಲಿದ್ದರೆ ಗಿಡ್ಡ ಅಣೆಕಟ್ಟಿನಿಂದಲೂ ನೂರಾರು ಮೀಟರ್ ಸಿಗುತ್ತದೆ. ಜಲಾಶಯ ಬರಿದಾದಂತೆ ಈ ಅಂಕಿಯೂ ಇಳಿಯುವುದರಿಂದ ಆಯಾ ದಿನದ ಮಟ್ಟವನ್ನೇ ಹಿಡಿಯಿರಿ.

ಹರಿವಿನಲ್ಲಿ ಗೇಟಿನಿಂದ ಬಿಟ್ಟ ನೀರನ್ನು ಸೇರಿಸಬೇಡಿ; ಟರ್ಬೈನಿಗೆ ಹೋದದ್ದಷ್ಟೇ ಲೆಕ್ಕ. ಕ್ಯೂಸೆಕ್‌ನಲ್ಲಿದ್ದರೆ 35.3ರಿಂದ ಭಾಗಿಸಿ, ಸೆಕೆಂಡಿಗೆ ಇಷ್ಟು ಘನ ಮೀಟರ್ ಎಂದು ಬರುತ್ತದೆ.

ಈಗ ಎತ್ತರ, ಹರಿವು, ಗುರುತ್ವಾಕರ್ಷಣೆಯ ಅಂಕಿ 9.81 ಮೂರನ್ನೂ ಗುಣಿಸಿ. ಬಂದದ್ದು ಕಿಲೋವ್ಯಾಟ್. ಕೊಳವೆಯ ಘರ್ಷಣೆ, ಟರ್ಬೈನು, ಜನರೇಟರು ತಿನ್ನುವ ಪಾಲು ಬಿಡಲು 0.9ರಿಂದ ಗುಣಿಸಿ. ಹಳೆಯ, ಸಣ್ಣ ಯಂತ್ರಗಳಿಗೆ ನಾನು 0.8 ಹಿಡಿಯುತ್ತೇನೆ.

ಬ್ರೆಜಿಲ್–ಪರಾಗ್ವೆ ಗಡಿಯ ಇಟೈಪು ಅಣೆಕಟ್ಟಿನಲ್ಲಿ ಪರೀಕ್ಷಿಸೋಣ. ಎತ್ತರ ಸುಮಾರು 118 ಮೀಟರ್, ಒಂದು ಟರ್ಬೈನಿಗೆ ಸೆಕೆಂಡಿಗೆ ಸುಮಾರು 645 ಘನ ಮೀಟರ್. 0.9 ಕೂಡ ಸೇರಿಸಿ ಗುಣಿಸಿದರೆ 672 ಮೆಗಾವ್ಯಾಟ್. ಯಂತ್ರದ ನಿಜವಾದ ಸಾಮರ್ಥ್ಯ 700. ದೊಡ್ಡ ಯಂತ್ರಗಳ ದಕ್ಷತೆ 0.9ಕ್ಕಿಂತ ತುಸು ಹೆಚ್ಚಿರುವುದರಿಂದ ಅಷ್ಟು ಅಂತರ. ಇಷ್ಟು ಹತ್ತಿರ ಬಂದದ್ದು ನೋಡಿ ಮಕ್ಕಳ ಕಣ್ಣು ಅರಳುತ್ತದೆ, ನನಗೂ ಪ್ರತಿ ಸಲ ಖುಷಿ.

ಯೂನಿಟ್ ಬೇಕಾದರೆ ಕಿಲೋವ್ಯಾಟನ್ನು ಯಂತ್ರ ಓಡಿದ ಗಂಟೆಗಳಿಂದ ಗುಣಿಸಿ. ಇನ್ನೂ ಸಲೀಸಾದ ದಾರಿಯಿದೆ: ಒಂದು ಟಿಎಂಸಿ (ನೂರು ಕೋಟಿ ಘನ ಅಡಿ) ನೀರು 100 ಮೀಟರ್ ಬಿದ್ದರೆ ಸುಮಾರು 70 ಲಕ್ಷ ಯೂನಿಟ್. 400 ಮೀಟರ್ ಬಿದ್ದರೆ ಅದರ ನಾಲ್ಕು ಪಟ್ಟು.

ಮೆಗಾವ್ಯಾಟನ್ನೇ ನೆಚ್ಚಿಕೊಳ್ಳಬೇಡಿ ಎನ್ನುವುದು ಇದಕ್ಕೇ. ಚೀನಾದ ತ್ರೀ ಗಾರ್ಜಸ್ ಅಣೆಕಟ್ಟಿನದು 22,500 ಮೆಗಾವ್ಯಾಟ್, ಇಟೈಪು 14,000. ಆದರೂ 2016ರಲ್ಲಿ ಇಟೈಪು 10,300 ಕೋಟಿ ಯೂನಿಟ್ ದಾಟಿ, ಆ ವರ್ಷ ತ್ರೀ ಗಾರ್ಜಸ್ಸನ್ನು ಹಿಂದಿಕ್ಕಿತು. ಇಟೈಪು ಇರುವ ಪರಾನಾ ನದಿಯ ಹರಿವು ವರ್ಷವಿಡೀ ಹೆಚ್ಚು ಸ್ಥಿರ. ಆದ್ದರಿಂದ ವರ್ಷದ ಸರಾಸರಿ ಹರಿವನ್ನು ಹಿಡಿಯದೆ ತಿಂಗಳು ತಿಂಗಳಿನದನ್ನು ಬೇರೆಯಾಗಿ ಲೆಕ್ಕ ಹಾಕಿ ಕೂಡಿಸಿ. ಸರಾಸರಿಯಲ್ಲಿ ಪ್ರವಾಹದ ದಿನ ಗೇಟಿನಿಂದ ಹೊರಹೋದ ನೀರೂ ಕರೆಂಟಾದಂತೆ ಕಾಣುತ್ತದೆ.