ಸಸ್ ಕಾರ್ಡ್: ಕಿರುಬೆರಳಿನ ಕೆಲಸ

ಗಿಟಾರಿನಲ್ಲಿ ಒಟ್ಟಿಗೆ ನುಡಿಸುವ ಸ್ವರಗಳ ಗುಂಪೇ ಕಾರ್ಡ್. ಮೇಜರ್ ಕಾರ್ಡಿನಲ್ಲಿರುವುದು ಸ, ಗ, ಪ. ಗಾಂಧಾರ ತೆಗೆದು ಶುದ್ಧ ಮಧ್ಯಮ ಇಟ್ಟರೆ ಸಸ್ (ಸಸ್ಪೆಂಡೆಡ್) 4, ಚತುಶ್ರುತಿ ರಿಷಭ ಇಟ್ಟರೆ ಸಸ್ 2. ಮೇಜರೋ ಮೈನರೋ ಎಂದು ಹೇಳುವ ಸ್ವರ ಗಾಂಧಾರವೇ. ಅದಿಲ್ಲದ ಕಾರ್ಡ್ ಎರಡೂ ಅಲ್ಲ, ಹಾಗಾಗಿಯೇ ಕಿವಿಗೆ ಮಾತು ಅರ್ಧಕ್ಕೆ ನಿಂತ ಹಾಗೆ ಕೇಳುತ್ತದೆ.

ಡಿ ಕಾರ್ಡಿನಿಂದ ಶುರುಮಾಡಿ. ತೀರಾ ತೆಳ್ಳಗಿನದು 1ನೇ ತಂತಿ. ಗಿಟಾರಿನ ಕತ್ತಿನ ಮೇಲಿನ ಲೋಹದ ಪಟ್ಟಿಗಳ ನಡುವಿನ ಜಾಗವೇ ಫ್ರೆಟ್, ಎಣಿಕೆ ತಲೆಯ ಕಡೆಯಿಂದ. ತೋರುಬೆರಳು 3ನೇ ತಂತಿಯ 2ನೇ ಫ್ರೆಟ್, ಉಂಗುರಬೆರಳು 2ನೇ ತಂತಿಯ 3ನೇ ಫ್ರೆಟ್, ಮಧ್ಯದ ಬೆರಳು 1ನೇ ತಂತಿಯ 2ನೇ ಫ್ರೆಟ್. ಇನ್ನು ಯಾವುದನ್ನೂ ಎತ್ತದೆ ಕಿರುಬೆರಳನ್ನು 1ನೇ ತಂತಿಯ 3ನೇ ಫ್ರೆಟ್‌ನಲ್ಲಿ ಒತ್ತಿದರೆ ಡಿ ಸಸ್ 4. ಕಿರುಬೆರಳು, ಮಧ್ಯದ ಬೆರಳು ಎರಡನ್ನೂ ಎತ್ತಿ 1ನೇ ತಂತಿಯನ್ನು ಓಪನ್ (ಒತ್ತದೆ) ಬಿಟ್ಟರೆ ಡಿ ಸಸ್ 2.

ಹೆಚ್ಚಿನವರು ಎಡವುವುದು ಒಂದೇ ಕಡೆ: ಕಿರುಬೆರಳು ಇಳಿಯುವಾಗ ಮಧ್ಯದ ಬೆರಳು ತಾನಾಗಿ ಮೇಲೇಳುತ್ತದೆ. ಆಮೇಲೆ ಕಿರುಬೆರಳು ತೆಗೆದರೆ ಡಿ ಬದಲು ಸಸ್ 2 ಕೇಳಿಸುತ್ತದೆ. ಮಧ್ಯದ ಬೆರಳು ಕೆಳಗೇ ಇರಲಿ, ಅದು ಮರಳಿ ಬರುವ ಮನೆ. ಸಸ್ 2 ನುಡಿಸುವಾಗ 1ನೇ ತಂತಿ ಟಪ್ ಎಂದು ಸತ್ತರೆ ಉಂಗುರಬೆರಳು ಅದಕ್ಕೆ ತಾಗುತ್ತಿದೆ ಎಂದರ್ಥ. ಆ ಬೆರಳಿನ ಗಂಟನ್ನು ಬಾಗಿಸಿ ತುದಿಯಿಂದ ಒತ್ತಿ, ಮಣಿಕಟ್ಟನ್ನು ಸ್ವಲ್ಪ ಮುಂದಕ್ಕೆ ತನ್ನಿ. ಸ್ಟ್ರಮ್ (ತಂತಿಗಳನ್ನು ಒಟ್ಟಿಗೆ ಸವರಿ ಮೀಟುವುದು) 4ನೇ ತಂತಿಯಿಂದ ಕೆಳಕ್ಕೆ ಮಾತ್ರ. 6ನೇ ತಂತಿ ಸೇರಿದರೆ ನಾದ ಕಲಸಿಹೋಗುತ್ತದೆ.

ಎ ಕಾರ್ಡನ್ನು 4, 3, 2ನೇ ತಂತಿಗಳ 2ನೇ ಫ್ರೆಟ್‌ನಲ್ಲಿ ಕ್ರಮವಾಗಿ ತೋರು, ಮಧ್ಯ, ಉಂಗುರಬೆರಳಿನಿಂದ ಹಿಡಿಯಿರಿ. 2ನೇ ತಂತಿಯ 3ನೇ ಫ್ರೆಟ್‌ಗೆ ಕಿರುಬೆರಳು ಬಂದರೆ ಸಸ್ 4, ಉಂಗುರಬೆರಳು ಎತ್ತಿದರೆ ಸಸ್ 2. ಇ ಕಾರ್ಡಿನಲ್ಲಿ 3ನೇ ತಂತಿಯ 2ನೇ ಫ್ರೆಟ್‌ಗೆ ಕಿರುಬೆರಳಿಟ್ಟರೆ ಸಸ್ 4. ಇ ಸಸ್ 2ಕ್ಕೆ ಬೆರಳು ತುಂಬ ಚಾಚಬೇಕು, ಸದ್ಯಕ್ಕೆ ಬೇಡ. ಅಂದಹಾಗೆ, ಎ ಸಸ್ 2 ಮತ್ತು ಇ ಸಸ್ 4 ಎರಡರಲ್ಲೂ ಇರುವುದು ಎ, ಬಿ, ಇ ಎಂಬ ಅದೇ ಮೂರು ಸ್ವರಗಳು. ಬೇಸ್, ಅಂದರೆ ಎಲ್ಲಕ್ಕಿಂತ ಕೆಳಗಿನ ಸ್ವರ, ಯಾವುದೆಂಬುದರ ಮೇಲೆ ಹೆಸರು ಬದಲಾಗುತ್ತದೆ.

ಅಭ್ಯಾಸಕ್ಕೆ ಮೆಟ್ರೊನೋಮ್ (ತಾಳ ಎಣಿಸುವ ಸಾಧನ) ನಿಮಿಷಕ್ಕೆ 60 ಬೀಟ್‌ಗೆ ಇಡಿ. ಒಂದೊಂದು ಬೀಟ್‌ಗೆ ಒಂದರಂತೆ ಡಿ, ಸಸ್ 4, ಡಿ, ಸಸ್ 2. ಮೊದಲು ಸ್ಟ್ರಮ್ ಬಿಟ್ಟು ತಂತಿಗಳನ್ನು ಒಂದೊಂದಾಗಿ ಮೀಟಿ ನೋಡಿ, ನಾಲ್ಕೂ ಸ್ಪಷ್ಟವಾಗಿ ನುಡಿದ ಮೇಲೆಯೇ ವೇಗ ಹೆಚ್ಚಿಸಿ. ಸಸ್ 4 ಆದಮೇಲೆ ಡಿಗೆ ಇಳಿಯುವುದನ್ನು ಕಿವಿಗೊಟ್ಟು ಕೇಳಿ: ಮಧ್ಯಮ ಒಂದೇ ಫ್ರೆಟ್ ಕೆಳಗಿನ ಗಾಂಧಾರಕ್ಕೆ ಜಾರುತ್ತದೆ, ಎಳೆತ ಅಲ್ಲೇ ಇದೆ. ಸಸ್ 2ರಲ್ಲಿ ಅಷ್ಟು ಎಳೆತವಿಲ್ಲ, ಅದರ ಮೇಲೆ ಬೇಕಾದಷ್ಟು ಹೊತ್ತು ನಿಲ್ಲಬಹುದು.