ವಾಲ್‌ಪೇಪರ್ ಕಿತ್ತ ಗೋಡೆಗೆ ಬಣ್ಣ: ಕಾಟವೆಲ್ಲ ಅಂಟಿನದು

ವಾಲ್‌ಪೇಪರ್ ಕಿತ್ತ ಗೋಡೆಯ ಬಣ್ಣ ಆರೇಳು ತಿಂಗಳಿಗೇ ಹಪ್ಪಳದಂತೆ ಎದ್ದರೆ, ಬಣ್ಣವನ್ನು ಬೈಯುವ ಮೊದಲು ಕೆಳಗೆ ಉಳಿದ ಅಂಟನ್ನು ನೋಡಬೇಕು. ಹುಬ್ಬಳ್ಳಿ-ಧಾರವಾಡದ ಮನೆಗಳಲ್ಲಿ ಈ ಕೆಲಸಕ್ಕೆ ಕೈ ಹಾಕಿದಾಗ ಕಾಗದಕ್ಕೆ ಅರ್ಧ ದಿನ ಇಟ್ಟರೆ ಅಂಟು ತೊಳೆಯಲಿಕ್ಕೆ ಪೂರಾ ಒಂದು ದಿನ ಇಡುತ್ತೇನೆ. ನೀರೂ ಹೆಚ್ಚು ಬೇಕು. ಹಲವು ಓಣಿಗಳಿಗೆ ನಳ ದಿನಾ ಬರುವುದಿಲ್ಲ, ಮುಂಚೆಯೇ ತುಂಬಿಟ್ಟುಕೊಳ್ಳಿ.

ಮೊದಲು ಕೋಣೆಯ ಕರೆಂಟ್ ಬಂದ್ ಮಾಡಿ ಸ್ವಿಚ್‌ಬೋರ್ಡ್‌ಗೆ ಪ್ಲಾಸ್ಟಿಕ್ ಸುತ್ತಬೇಕು. ವಿನೈಲ್ ಕಾಗದವಾದರೆ ಮೇಲಿನ ಪ್ಲಾಸ್ಟಿಕ್ ಪದರಿಗೆ ನೀರು ಇಳಿಯುವುದಿಲ್ಲ. ಒಣಗಿದ್ದಾಗಲೇ ಮೂಲೆ ಎತ್ತಿ, ಗೋಡೆಗೆ ಒತ್ತಿದಂತೆ ಕೆಳಮುಖವಾಗಿ ಎಳೆಯಿರಿ. ನೇರ ನಮ್ಮ ಕಡೆ ಎಳೆದರೆ ಹಳೆ ಪುಟ್ಟಿಯೂ (ಗೋಡೆ ನುಣುಪಾಗಲಿಕ್ಕೆ ಬಳಿದ ಲೇಪ) ಕಿತ್ತು ಬರುತ್ತದೆ. ಉಳಿದ ಬಿಳಿ ಕಾಗದಕ್ಕೆ ಬಿಸಿನೀರು ಸಿಂಪಡಿಸಿ, ಹತ್ತು-ಹದಿನೈದು ನಿಮಿಷ ಬಿಟ್ಟು, ಮತ್ತೊಮ್ಮೆ ಸಿಂಪಡಿಸಿ ಬ್ಲೇಡನ್ನು ಮಲಗಿಸಿ ಕೆರೆಯಬೇಕು. ಸ್ಟಿಕ್ಕರ್ ತರಹದ್ದಕ್ಕೆ ನೀರು ಕೆಲಸಕ್ಕೆ ಬಾರದು, ಬೇರೆ ಕೋಣೆಯಿಂದ ಕರೆಂಟ್ ತಂದು ಹೇರ್ ಡ್ರೈಯರ್‌ನಿಂದ ಬಿಸಿ ಮಾಡಿ ಬಿಡಿಸಿ. ಜಿಪ್ಸಮ್ ಗೋಡೆಗೆ ನೀರು ಕಡಿಮೆ, ನೆನೆದರೆ ಮೆತ್ತಗಾಗುತ್ತದೆ.

ಕಾಗದ ಹೋದ ಮೇಲೆ ಗೋಡೆ ಸ್ವಚ್ಛವಾಗಿಯೇ ಕಾಣುತ್ತದೆ. ಬೆರಳು ಒದ್ದೆ ಮಾಡಿ ಉಜ್ಜಿ ನೋಡಿ: ಗಂಜಿಯಂತೆ ಜಾರಿದರೆ ಅಂಟು ಇನ್ನೂ ಇದೆ. ಬಿಸಿನೀರು, ಸ್ಪಂಜು, ನೀರು ಬದಲಿಸುತ್ತ ಎರಡು-ಮೂರು ಸಲ ತೊಳೆಯಿರಿ. ಬೆರಳಿಗೆ ಗೋಡೆ ಒರಟಾಗಿ ಹತ್ತುವವರೆಗೆ ಬಿಡಬಾರದು.

ಪಡುವಣ ಗೋಡೆಯಲ್ಲಿ ಕಾಗದದ ಹಿಂದೆ ಕಪ್ಪು ಬೂಷ್ಟು ಸಿಗುವುದು ಹೆಚ್ಚು. ಧಾರವಾಡದ ಕಡೆ ಮುಂಗಾರು ಮಳೆ ಆ ದಿಕ್ಕಿನಿಂದಲೇ ಹೊಡೆಯುತ್ತದೆ, ವಿನೈಲ್ ಒಳಗಿನ ತೇವವನ್ನು ಹೊರಗೆ ಬಿಡುವುದಿಲ್ಲ. ತೇವ ನೋಡಲಿಕ್ಕೆ ಒಂದು ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗಿಟ್ಟು, ನಾಲ್ಕೂ ಬದಿಗೆ ಟೇಪ್ ಹಚ್ಚಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಒಳಮೈಯಲ್ಲಿ ಹನಿ ಕಂಡರೆ ಗೋಡೆ ಒಣಗಿಲ್ಲ. ಹೊರಗಿನ ಸೋರಿಕೆ ನಿಲ್ಲಿಸದೆ ಮುಂದೆ ಹೋದರೆ ಖರ್ಚು ನೀರಿಗೆ ಹೋಯಿತು.

ಎರಿ ಮಣ್ಣಿನ ಮೇಲೆ ಕಟ್ಟಿದ ಮನೆಗಳದು ಇನ್ನೊಂದು ಪೀಕಲಾಟ. ಕಿಟಕಿ ಮೂಲೆಯಿಂದ ಓರೆಯಾಗಿ ಎದ್ದ ಬಿರುಕು ಬೇಸಿಗೆಗೆ ಬಿಚ್ಚಿಕೊಂಡು ಮಳೆಗಾಲಕ್ಕೆ ಬಿಗಿಯುತ್ತದೆ, ಬರೀ ಪುಟ್ಟಿ ತುಂಬಿದರೆ ಮತ್ತೆ ಸೀಳುತ್ತದೆ. ವಿ ಆಕಾರದಲ್ಲಿ ಕೆತ್ತಿ, ಧೂಳು ಒರೆಸಿ, ಅಕ್ರಿಲಿಕ್ ಕ್ರ್ಯಾಕ್ ಫಿಲ್ಲರ್ ತುಂಬಿ, ಮೇಲೆ ಫೈಬರ್ ಜಾಳಿಗೆ ಟೇಪ್ ಹಚ್ಚುತ್ತೇನೆ. ಬಿರುಕಿನೊಳಗೆ ನಾಣ್ಯ ಹೋಗುವಂತಿದ್ದರೆ ಅದು ಬಣ್ಣದವರ ಕೆಲಸವಲ್ಲ, ಇಂಜಿನಿಯರ್‌ಗೆ ತೋರಿಸಿ. ಗಿಲಾವು ಉದುರಿದ ಆಳದ ಕುಳಿಗೆ ಒಂದು ಪಾಲು ಸಿಮೆಂಟಿಗೆ ನಾಲ್ಕು ಪಾಲು ಜರಡಿ ಹಿಡಿದ ಉಸುಕು.

ವೈಟ್ ಸಿಮೆಂಟ್ ಪುಟ್ಟಿ ಕಿಲೋಗೆ ಸುಮಾರು 350-400 ಮಿಲಿ ನೀರು. ಹತ್ತು-ಹನ್ನೆರಡು ಅಡಿ ಕೋಣೆಗೆ 40 ಕಿಲೋದ ಒಂದು ಚೀಲ ಸಾಕು. ಗೋಡೆ ತುಸು ತೇವ ಮಾಡಿಕೊಂಡು ತೆಳ್ಳಗೆ ಎರಡು ಕೋಟ್. ಒಂದೇ ಸಲ ದಪ್ಪಗೆ ಮೆತ್ತಿದರೆ ಬಿರಿಯುತ್ತದೆ. ಒಣಗಿದ ಮೇಲೆ ಗೋಡೆಗೆ ಓರೆಯಾಗಿ ಬ್ಯಾಟರಿ ಬೆಳಕು ಬಿಟ್ಟು, ಉಬ್ಬು ಕಂಡಲ್ಲಿ ಪಾಲಿಶ್ ಪೇಪರ್ ಉಜ್ಜಿ, ಧೂಳು ಒರೆಸಿ ಪ್ರೈಮರ್ (ಬಣ್ಣಕ್ಕೆ ಮುಂಚಿನ ತಳಪದರು).

ಪ್ರೈಮರ್ ಬಿದ್ದ ಕೂಡಲೆ ಎಲ್ಲಾದರೂ ಸಣ್ಣ ಗುಳ್ಳೆ ಎದ್ದರೆ ಅಲ್ಲಿ ಅಂಟು ಉಳಿದಿದೆ ಎಂದೇ ತಿಳಿಯಿರಿ. ಅಷ್ಟು ಜಾಗ ಗಿಲಾವಿನವರೆಗೆ ಕೆರೆದು, ತೊಳೆದು, ಮತ್ತೆ ಪುಟ್ಟಿ ಎಳೆದ ನಂತರವೇ ಬಣ್ಣದ ಡಬ್ಬಿ ತೆರೆಯುವುದು.